ಹದಿನೈದು ಕಾರು, ಒಂದು ಟಿಸಿ

ಬೆಂಗಳೂರಿನ ಒಂದು ವಸತಿ ಸಮುಚ್ಚಯದ ಸಂಘದವರು ಈಚೆಗೆ ನನ್ನನ್ನು ಕರೆಸಿಕೊಂಡಿದ್ದರು. ಹದಿನೈದು ಮನೆಯವರು ವಿದ್ಯುತ್ ಕಾರು ಕೊಳ್ಳಲು ಹೊರಟಿದ್ದರು. ಕಾರ್ಯದರ್ಶಿಯವರ ಪ್ರಶ್ನೆ ಒಂದೇ: “ನಮ್ಮ ಟಿಸಿ ತಡೆಯುತ್ತದೆಯೇ ಸಾರ್?”

ಟಿಸಿ ಎಂದರೆ ಟ್ರಾನ್ಸ್‌ಫಾರ್ಮರ್, ವಿದ್ಯುತ್ ಪರಿವರ್ತಕ. ಅಲ್ಲಿದ್ದದ್ದು 250 ಕೆವಿಎಯದ್ದು, ಅಂದರೆ ಹೆಚ್ಚೆಂದರೆ 250 ಕಿಲೋವಾಟ್ ಹೊರಬಲ್ಲದ್ದು. ಸಂಜೆಯ ಹೊತ್ತು ದೀಪ, ಲಿಫ್ಟ್, ಪಂಪು, ಎಸಿ ಎಲ್ಲ ಸೇರಿ ಅದರ ಮೇಲೆ ಆಗಲೇ 160 ಕಿಲೋವಾಟ್ ಹೊರೆ. ತಲಾ 7.4 ಕಿಲೋವಾಟ್‌ನ ಹದಿನೈದು ಚಾರ್ಜರುಗಳು ಒಟ್ಟಿಗೆ ಶುರುವಾದರೆ ಇನ್ನೂ 111. ಖಂಡಿತ ತಡೆಯುವುದಿಲ್ಲ. ರಾತ್ರಿ ಹನ್ನೊಂದರ ಮೇಲೆ ಸರದಿಯಂತೆ ಚಾರ್ಜ್ ಮಾಡಿದರೆ ಅದೇ ಟಿಸಿ ನಿರಾಳವಾಗಿ ಹೊರುತ್ತದೆ.

ರಾಜ್ಯದ ಲೆಕ್ಕವೂ ಹೀಗೆಯೇ. ದಿನಕ್ಕೆ 40 ಕಿಲೋಮೀಟರ್ ಓಡುವ ಸ್ಕೂಟರಿಗೆ ಸುಮಾರು ಒಂದೂವರೆ ಯೂನಿಟ್ ಸಾಕು. ಅಂಥ 10 ಲಕ್ಷ ಸ್ಕೂಟರುಗಳಿದ್ದರೂ 15 ಲಕ್ಷ ಯೂನಿಟ್. ಬೇಸಿಗೆಯಲ್ಲಿ ದಿನಕ್ಕೆ 25 ಕೋಟಿ ಯೂನಿಟ್‌ಗೂ ಹೆಚ್ಚು ಬಳಸುವ ಕರ್ನಾಟಕಕ್ಕೆ ಇದು ಲೆಕ್ಕಕ್ಕೇ ಬಾರದಷ್ಟು. ಆದರೆ ಅಷ್ಟೂ ಜನ ಕೆಲಸದಿಂದ ಬಂದು ಸಂಜೆ ಏಳಕ್ಕೆ ಮುಕ್ಕಾಲು ಕಿಲೋವಾಟ್‌ನ ಚಾರ್ಜರನ್ನು ಪ್ಲಗ್ಗಿಗೆ ಸಿಕ್ಕಿಸಿದರೆಂದುಕೊಳ್ಳಿ. ಆ ಕ್ಷಣಕ್ಕೆ 750 ಮೆಗಾವಾಟ್ ಬೇಕು. ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳಲ್ಲಿ ಏಳು ಪೂರ್ಣ ವೇಗದಲ್ಲಿ ತಿರುಗಿದರೂ ಸಾಲದು.

ಏಳು ಗಂಟೆಗೆ ಪಾವಗಡದ ಸೌರ ಫಲಕಗಳು ಕತ್ತಲಲ್ಲಿರುತ್ತವೆ. 2,050 ಮೆಗಾವಾಟ್‌ನ ಆ ಸೌರ ಪಾರ್ಕಿಗಾಗಿ ರೈತರು ಸುಮಾರು 13,000 ಎಕರೆಯನ್ನು ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿದ್ದ ಗುತ್ತಿಗೆಗೆ ಬಿಟ್ಟುಕೊಟ್ಟಿದ್ದಾರೆ. ಬೇಡಿಕೆ ಕಡಿಮೆಯಿರುವ ದಿನ, ನೆತ್ತಿಯ ಮೇಲೆ ಬಿಸಿಲಿರುವಾಗಲೇ ಸೌರ ಉತ್ಪಾದನೆ ತಗ್ಗಿಸಿ ಎಂದು ಹೇಳಬೇಕಾಗುತ್ತದೆ. ಕಲ್ಲಿದ್ದಲಿನ ಘಟಕವನ್ನು ಮಧ್ಯಾಹ್ನ ಆರಿಸಿ ಸಂಜೆಗೆ ಮತ್ತೆ ಹೊತ್ತಿಸಲು ಬಾರದು. ಅದನ್ನು ಕನಿಷ್ಠ ಮಟ್ಟದಲ್ಲಾದರೂ ಉರಿಸುತ್ತಲೇ ಇರಬೇಕು. ಆ ಭೂಮಿಯಲ್ಲಿ ಹುಟ್ಟಬಹುದಾಗಿದ್ದ ಒಂದೊಂದು ಯೂನಿಟ್ ಹೀಗೆ ಹಾಳಾಗುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಹಾಗಾಗಿ ಚಾರ್ಜಿಂಗ್ ವ್ಯವಸ್ಥೆ ಮೊದಲು ಬರಬೇಕಾದದ್ದು ಹಗಲು ಗಾಡಿ ನಿಲ್ಲುವ ಕಡೆ: ಕಚೇರಿ, ಕಾರ್ಖಾನೆ, ಕಾಲೇಜು, ರೈಲು ಮತ್ತು ಮೆಟ್ರೊ ನಿಲ್ದಾಣಗಳ ಪಾರ್ಕಿಂಗ್. ಪೆಟ್ರೋಲ್ ಬಂಕಿನ ಮಾದರಿಯಲ್ಲಿ ಹೆದ್ದಾರಿಗಳಲ್ಲಿ ಹಾಕುವ ವೇಗದ ಚಾರ್ಜರುಗಳು ದೂರ ಪ್ರಯಾಣಕ್ಕೆ ಬೇಕು, ನಿಜ. ದಿನನಿತ್ಯದ ಓಡಾಟಕ್ಕೆ ಸಾಧಾರಣ ಪ್ಲಗ್ಗೇ ಸಾಕು. ನಗರ ಬಸ್ಸುಗಳಿಗೂ ಡಿಪೊದ ರಾತ್ರಿ ಚಾರ್ಜಿನ ಜೊತೆಗೆ, ಪ್ರಯಾಣಿಕರು ಕಡಿಮೆಯಿರುವ ಮಧ್ಯಾಹ್ನ ಒಂದು ಗಂಟೆ ಬಿಡುವು ಕೊಡುವ ವೇಳಾಪಟ್ಟಿ ಬೇಕು. 2023ರಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದ ಪ್ರಕಾರ ಬಿಸಿಲ ಹೊತ್ತಿನ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ 20ರಷ್ಟು ಕಡಿಮೆ ಇರಬೇಕು. ಹೊತ್ತು ಗುರುತಿಸುವ ಸ್ಮಾರ್ಟ್ ಮೀಟರ್ ಇಲ್ಲದ ಮನೆಗೆ ಈ ರಿಯಾಯಿತಿ ತಲುಪುವುದಿಲ್ಲ.

ಆಷಾಢದಲ್ಲಿ ಮಾತು ಬೇರೆ. ಮೋಡ ಕವಿದು ಸೌರಶಕ್ತಿ ಇಳಿಯುತ್ತದೆ. ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿ ಹಗಲಿರುಳೆನ್ನದೆ ಬೀಸುತ್ತದೆ. ಮಾರ್ಚ್‌ನಲ್ಲಿ ಮಧ್ಯಾಹ್ನ ಅಗ್ಗವಾಗಬೇಕಾದ ದರ ಜುಲೈನಲ್ಲಿ ನಡುರಾತ್ರಿ ಅಗ್ಗವಾಗಬೇಕು. ಬಿತ್ತನೆಗೆ ಮಳೆ ನಕ್ಷತ್ರ ನೋಡುವ ನಾಡಿನಲ್ಲಿ ಜನ ಇದನ್ನು ಅರ್ಥಮಾಡಿಕೊಳ್ಳುತ್ತಾರೆಂಬ ಭರವಸೆ ನನಗಿದೆ.

ಸಂಜೆಯ ಕೊರತೆ ತುಂಬಲೆಂದೇ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವ ಬಂದಿದೆ. ವಿದ್ಯುತ್ ಹೆಚ್ಚಿರುವಾಗ ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆತ್ತಿ, ಬೇಕಾದಾಗ ಕೆಳಕ್ಕೆ ಬಿಟ್ಟು ವಿದ್ಯುತ್ ತೆಗೆಯುವ ವ್ಯವಸ್ಥೆ ಅದು. ವಿದ್ಯುತ್ ಸಂಗ್ರಹ ನಮಗೆ ಬೇಕೇ ಬೇಕು. ಆದರೆ ಆ ಜಾಗ ಸಿಂಗಳೀಕಗಳ ಅಭಯಾರಣ್ಯ. ಸಂಜೆಯ ಹೊರೆಯಲ್ಲಿ ಎಷ್ಟನ್ನು ಮಧ್ಯಾಹ್ನಕ್ಕೆ ಸರಿಸಬಹುದು, ಎಷ್ಟನ್ನು ಉಪಕೇಂದ್ರಗಳ ಬಳಿಯ ಬ್ಯಾಟರಿಗಳಲ್ಲಿ ಹಿಡಿದಿಡಬಹುದು ಎಂಬ ಲೆಕ್ಕವನ್ನು ಯೋಜಕರು ಮೊದಲು ಜನರೆದುರು ಇಡಲಿ. ಕಾಡಿಗೆ ಕೈ ಹಾಕುವ ಮಾತು ಆಮೇಲೆ.