ಮೊದಲು ಶಾಫ್ಟ್ ಅಳೆಯಿರಿ, ಆಮೇಲೆ ರೋಬೋಟ್ ಕಟ್ಟಿ

ಮಕ್ಕಳಿಗೆ ರೋಬೋಟ್ ಕಿಟ್ ಕೊಳ್ಳುವಾಗ ಮೋಟರ್ ಎಷ್ಟು ಆರ್‌ಪಿಎಂ, ಬೋರ್ಡ್ ಯಾವುದು ಅಂತ ವಿಚಾರಿಸುತ್ತೇವೆ. ಶಾಫ್ಟ್, ಅಂದರೆ ಮೋಟರ್‌ನಿಂದ ಹೊರಚಾಚಿ ತಿರುಗುವ ಕಂಬಿ, ಎಷ್ಟು ದಪ್ಪ ಅಂತ ಕೇಳುವವರು ಕಡಿಮೆ. ಆದರೆ ಮುಂದೆ ಯಾವ ಚಕ್ರ, ಯಾವ ಗೇರ್, ಯಾವ ಬೇರಿಂಗ್ (ಶಾಫ್ಟನ್ನು ಹೊತ್ತು ಸಲೀಸಾಗಿ ತಿರುಗಲು ಬಿಡುವ ಬಳೆ) ಹೊಂದುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಆ ಸಣ್ಣ ಕಂಬಿಯೇ.

ಜಾಸ್ತಿ ತೊಂದರೆ ಕೊಡುವುದು ಹೆಚ್ಚು ಕಡಿಮೆ ಒಂದೇ ಥರ ಕಾಣುವ ಎರಡು ಅಳತೆಗಳು: 6 ಮಿ.ಮೀ. ಮತ್ತು ಕಾಲು ಇಂಚು. ಕಾಲು ಇಂಚು ಅಂದರೆ 6.35 ಮಿ.ಮೀ. ಕಾಲು ಇಂಚಿನ ಶಾಫ್ಟ್ 6 ಮಿ.ಮೀ. ಬೇರಿಂಗ್ ಒಳಗೆ ಹೋಗುವುದೇ ಇಲ್ಲ. ತಪ್ಪು ಕೂಡಲೇ ಗೊತ್ತಾಗುತ್ತದೆ, ಒಳ್ಳೆಯದೇ ಆಯಿತು. ಆದರೆ 6 ಮಿ.ಮೀ. ಶಾಫ್ಟ್ ಚಕ್ರದ ನಡುವಿನ ಕಾಲು ಇಂಚಿನ ಹಬ್‌ನೊಳಗೆ ಸಲೀಸಾಗಿ ಹೋಗುತ್ತದೆ. ಹಬ್ಬನ್ನು ಶಾಫ್ಟ್‌ಗೆ ಹಿಡಿಸುವ ತಲೆಯಿಲ್ಲದ ಪುಟ್ಟ ಗ್ರಬ್ ಸ್ಕ್ರೂ ಬಿಗಿ ಮಾಡಿದಾಗ ಅದು ಶಾಫ್ಟನ್ನು ಒಂದು ಬದಿಗೆ ತಳ್ಳುತ್ತದೆ. ಚಕ್ರದ ನಡುಬಿಂದು 0.175 ಮಿ.ಮೀ. ಆಚೆ ಸರಿಯುತ್ತದೆ. ರೋಬೋಟ್ ಹಿಂದೆ ಮುಂದೆ ದಿಕ್ಕು ಬದಲಿಸಿದಾಗಲೆಲ್ಲ ಆ ಸಂದಿಯಲ್ಲಿ ಅಲುಗಾಡಿ ಸ್ಕ್ರೂ ಸಡಿಲವಾಗುತ್ತದೆ.

ಆಮೇಲೆ ಏನಾಗುತ್ತದೆ? ಮೋಟರ್ ಎಷ್ಟು ಸುತ್ತಿತು ಅಂತ ಎನ್‌ಕೋಡರ್ ಸರಿಯಾಗಿಯೇ ಎಣಿಸುತ್ತದೆ. ಚಕ್ರ ಮಾತ್ರ ಅಷ್ಟು ತಿರುಗಿರುವುದಿಲ್ಲ. ರೋಬೋಟ್ ಸೊಟ್ಟ ಹೋಗುತ್ತದೆ. ಪಾಪ, ಮಗು ತನ್ನ ಪ್ರೋಗ್ರಾಂ ತಪ್ಪು ಅಂದುಕೊಂಡು ಅದನ್ನೇ ತಿದ್ದುತ್ತಾ ಕೂರುತ್ತದೆ. ಶಾಫ್ಟ್ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯುವುದು ಇದಕ್ಕೇ.

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುವ ಹಳದಿ ಬಿಒ (ಬ್ಯಾಟರಿಯಿಂದ ಓಡುವ) ಮೋಟರ್‌ನ ಶಾಫ್ಟ್‌ಗೆ ಎರಡು ಕಡೆ ಚಪ್ಪಟೆ ಮಾಡಿರುತ್ತಾರೆ. ಅದಕ್ಕೆಂದೇ ಮಾಡಿದ ಚಕ್ರ ಮಾತ್ರ ಅದಕ್ಕೆ ಕೂರುತ್ತದೆ. ಪುಟ್ಟ ಎನ್20 ಮೋಟರ್‌ಗೆ 3 ಮಿ.ಮೀ. ಶಾಫ್ಟ್. 12 ವೋಲ್ಟ್ ಗೇರ್ ಮೋಟರ್‌ಗಳಲ್ಲಿ 6 ಮಿ.ಮೀ. ಸಾಮಾನ್ಯ. ಸ್ಪರ್ಧೆಗೆ ಬಳಸುವ ಕಿಟ್‌ಗಳದು ಬೇರೆಯೇ ಲೋಕ. ರೆವ್ ಕಿಟ್‌ನದು 5 ಮಿ.ಮೀ. ಆರು ಮೂಲೆಯ ಶಾಫ್ಟ್. ವೆಕ್ಸ್‌ನದು ಚೌಕ: ಎಂಟನೇ ಒಂದು ಇಂಚು, ಭಾರದ ಕೆಲಸಕ್ಕೆ ಕಾಲು ಇಂಚು. ಗೋಬಿಲ್ಡಾದಲ್ಲಿ ಮೂಲೆಗಳನ್ನು ದುಂಡಗೆ ಮಾಡಿದ 8 ಮಿ.ಮೀ. ಆರು ಮೂಲೆಯ ಶಾಫ್ಟ್ ಇದೆ. ಇದು ನನಗೆ ತುಂಬಾ ಇಷ್ಟ. ಚಪ್ಪಟೆ ಬದಿಗಳು ತಿರುಗುವ ಬಲವನ್ನು ಸಾಗಿಸುತ್ತವೆ, ಸ್ಕ್ರೂ ಒಂದನ್ನೇ ನಂಬಬೇಕಿಲ್ಲ. ದುಂಡಗಿನ ಮೂಲೆಗಳಿಂದಾಗಿ ಮಾಮೂಲಿ ಗುಂಡು ತೂತಿನ ಬೇರಿಂಗ್ ಒಳಗೂ ಅದು ಕೂರುತ್ತದೆ.

ಹಾಗಂತ ಒಳಗಿನ ಅಳತೆ ಒಂದೇ ನೋಡಿದರೆ ಸಾಲದು. ಸ್ಕೇಟಿಂಗ್ ಚಕ್ರದಲ್ಲಿರುವ 608 ಬೇರಿಂಗ್‌ನ ಒಳವ್ಯಾಸವೂ 8 ಮಿ.ಮೀ., ಆದರೆ ಹೊರವ್ಯಾಸ 22. ಚೌಕಟ್ಟು ಕಟ್ಟಲು ಬಳಸುವ ಗೋಬಿಲ್ಡಾ ಚಾನೆಲ್‌ನ ಬೇರಿಂಗ್ ತೂತು 14 ಮಿ.ಮೀ. ಹೇಗೆ ಕೂತೀತು? ಆರು ಮೂಲೆಯ ಶಾಫ್ಟ್ ಅಳೆಯುವಾಗಲೂ ಎಚ್ಚರ ಬೇಕು. 5 ಮಿ.ಮೀ. ಅನ್ನುವುದು ಎದುರುಬದುರು ಚಪ್ಪಟೆ ಬದಿಗಳ ನಡುವಿನ ದೂರ. ಮೂಲೆಯಿಂದ ಮೂಲೆಗೆ ಅಳೆದರೆ ಸುಮಾರು 5.8 ಬರುತ್ತದೆ, 6 ಇರಬಹುದು ಅಂತ ಮೋಸ ಹೋಗುತ್ತೇವೆ.

ದಪ್ಪ ಎಷ್ಟಿರಬೇಕು? ತಿರುಚುವ ಬಲವನ್ನು ಹೆಚ್ಚಾಗಿ ತಡೆಯುವುದು ಶಾಫ್ಟ್‌ನ ಹೊರಭಾಗ. ಅದಕ್ಕೇ ಗುಂಡು ಶಾಫ್ಟ್‌ನ ಬಲ ವ್ಯಾಸದ ಮೂರನೇ ಘಾತದಂತೆ ಏರುತ್ತದೆ, ತಿರುಚಿಕೊಳ್ಳದೆ ನಿಲ್ಲುವ ಬಿಗಿತ ನಾಲ್ಕನೇ ಘಾತದಂತೆ ಏರುತ್ತದೆ. ಒಂದೇ ಲೋಹದ 6 ಮಿ.ಮೀ. ಶಾಫ್ಟ್ ಬದಲು 8 ಮಿ.ಮೀ. ಹಾಕಿದರೆ ಬಲ ಸುಮಾರು 2.4 ಪಟ್ಟು, ಬಿಗಿತ ಸುಮಾರು 3.2 ಪಟ್ಟು. ತೂಕ ಹೆಚ್ಚುವುದು 1.8 ಪಟ್ಟು ಮಾತ್ರ. ಭಾರ ಎತ್ತುವ ಕೈಗೆ ಇದು ಲಾಭವೇ. ಆದರೆ ಎನ್20 ಮೋಟರ್‌ನ ಪುಟ್ಟ ಗಾಡಿಗೆ 8 ಮಿ.ಮೀ. ಶಾಫ್ಟ್ ಹಾಕಿದರೆ ಸುಮ್ನೆ ತೂಕ ಅಷ್ಟೆ.

ಎರಡು ಕಿಟ್‌ಗಳ ಗೇರ್ ಬೆರೆಸಲೇಬೇಡಿ ಅಂತ ನಾನು ಹೇಳುತ್ತೇನೆ. ರೆವ್ ಗೇರ್‌ಗಳ ಹಲ್ಲಿನ ಅಳತೆ 0.75 ಮಾಡ್ಯೂಲ್, ಗೋಬಿಲ್ಡಾದ್ದು 0.8. ನೋಡಲು ಒಂದೇ ಥರ, ಆದರೆ ಜೋಡಿಸಿ ಓಡಿಸಿದರೆ ಹಲ್ಲು ಹಲ್ಲನ್ನು ತಿನ್ನುತ್ತದೆ.

ಬೇರೆ ಬೇರೆ ಅಳತೆಯ ಮೋಟರ್ ಕೈಯಲ್ಲಿದ್ದರೆ ಅದನ್ನು ಎಸೆಯಬೇಕಿಲ್ಲ. ಅಳತೆ ಬದಲಾಗುವುದು ಮೋಟರ್ ಪಕ್ಕದಲ್ಲೇ, ಒಂದೇ ಜಾಗದಲ್ಲಿ ಆಗಲಿ. ಒಂದು ತುದಿ 6, ಇನ್ನೊಂದು ತುದಿ 8 ಮಿ.ಮೀ. ಇರುವ ಕಪ್ಲರ್ (ಎರಡು ಶಾಫ್ಟ್‌ಗಳನ್ನು ಜೋಡಿಸುವ ಕೊಳವೆ) ಹಾಕಿ. ಅಲ್ಲಿಂದ ಮುಂದೆ ಚಕ್ರದವರೆಗೂ ಎಲ್ಲ 8 ಮಿ.ಮೀ. ಇರಲಿ. ಆದರೆ ಕಪ್ಲರ್ ಮೇಲೆ ರೋಬೋಟ್‌ನ ಭಾರ ಬೀಳಬಾರದು. ಚಕ್ರದ ಶಾಫ್ಟನ್ನು ಎರಡು ಬೇರಿಂಗ್‌ಗಳು ಹೊರಬೇಕು, ಆದಷ್ಟೂ ಚಕ್ರದ ಎರಡೂ ಪಕ್ಕದಲ್ಲಿ.