ಸಿಮ್ ಪಿನ್ ಹಾಕದೆ ಫೋನ್ ಬಳಸಬಹುದಾ?

‘ಪಿನ್ ಮರೆತಿದೆ, ಫೋನ್ ಫಾರ್ಮ್ಯಾಟ್ ಮಾಡಿಕೊಡಿ’ ಎಂದು ನಮ್ಮ ರಿಪೇರಿ ಅಂಗಡಿಗೆ ಬರುವವರನ್ನು ನಾನು ಮೊದಲು ಕೇಳುವುದು ಇಷ್ಟೇ: ಯಾವ ಪಿನ್? ಸ್ಕ್ರೀನ್ ಲಾಕಿನದಾ, ಸಿಮ್ಮಿನದಾ? ಸಿಮ್ಮಿನದಾದರೆ, ಅಂದರೆ ಫೋನ್ ಆನ್ ಮಾಡಿದಾಗ ಸಿಮ್ ಕೇಳುವ ಗುಟ್ಟಿನ ಸಂಖ್ಯೆಯಾದರೆ, ಫಾರ್ಮ್ಯಾಟ್ ಮಾಡಿ ಪ್ರಯೋಜನವಿಲ್ಲ. ಫೋಟೊಗಳೆಲ್ಲ ಹೋಗುತ್ತವೆ, ಪಿನ್ ಹಾಗೇ ಉಳಿಯುತ್ತದೆ. ಅದು ಇರುವುದು ಸಿಮ್ ಚಿಪ್ಪಿನೊಳಗೆ. ಬೇರೆ ಫೋನಿಗೆ ಹಾಕಿದರೆ ಅಲ್ಲೂ ಕೇಳುತ್ತದೆ.

ಪಿನ್ ಹಾಕದೆ ಫೋನ್ ಬಳಸಬಹುದು. ಕ್ಯಾಮೆರಾ, ಅಲಾರಂ, ಗ್ಯಾಲರಿ ಎಲ್ಲ ಸರಿಯಾಗಿರುತ್ತವೆ. ವೈಫೈ ಇದ್ದರೆ ಯೂಟ್ಯೂಬ್, ಇಮೇಲ್ ಕೂಡ ಓಡುತ್ತವೆ. ಆ ಸಿಮ್ಮಿನ ಕರೆ, ಎಸ್ಸೆಮ್ಮೆಸ್, ಮೊಬೈಲ್ ಡೇಟಾ ಮಾತ್ರ ಇರುವುದಿಲ್ಲ. ಎರಡು ಸಿಮ್ ಇದ್ದರೆ ಇನ್ನೊಂದಕ್ಕೆ ತೊಂದರೆಯಿಲ್ಲ. ಪಿನ್ ಕೇಳುವ ಪರದೆಯಲ್ಲೇ ತುರ್ತು ಕರೆಯ ಬಟನ್ ಇರುತ್ತದೆ, 112 ಒತ್ತಲು ಪಿನ್ ಬೇಡ. ಪರೀಕ್ಷೆ ಮಾಡಿ ನೋಡೋಣ ಎಂದು ಸುಮ್ನೆ ಒತ್ತಬೇಡಿ.

ಒಂದು ತೊಂದರೆ ಬಗ್ಗೆ ಮಾತ್ರ ನನಗೆ ನಿಜಕ್ಕೂ ಚಿಂತೆಯಿದೆ. ರಾತ್ರಿ ಅಪ್‌ಡೇಟ್ ಆಗಿ ಫೋನ್ ತಾನಾಗಿಯೇ ರೀಸ್ಟಾರ್ಟ್ ಆಗಬಹುದು. ಬೆಳಿಗ್ಗೆ ಸ್ಕ್ರೀನ್ ಲಾಕ್ ತೆಗೆದು, ಪಿನ್ ಕೇಳಿದ್ದನ್ನು ಪಕ್ಕಕ್ಕೆ ಸರಿಸಿಬಿಡುತ್ತೇವೆ. ವೈಫೈನಲ್ಲಿ ವಿಡಿಯೊ ಬರುತ್ತಿರುತ್ತದೆ, ಫೋನ್ ಸರಿಯಾಗಿದೆ ಅಂದುಕೊಳ್ಳುತ್ತೇವೆ. ಕರೆ ಮಾಡಿದವರಿಗೆ ಮಾತ್ರ ಸಿಗುವುದಿಲ್ಲ. ಒಂಟಿಯಾಗಿರುವ ಅಪ್ಪ ಅಮ್ಮನ ಫೋನಿನಲ್ಲಿ ಹೀಗಾದರೆ ಮಕ್ಕಳಿಗೆ ಎಷ್ಟು ಗಾಬರಿ, ಅಲ್ವಾ? ಹಾಗಾಗಿ ಅಂಥ ಹಿರಿಯರ ಫೋನಿಗೆ ಸಿಮ್ ಪಿನ್ ಬೇಡ ಅನ್ನುತ್ತೇನೆ, ಸ್ಕ್ರೀನ್ ಲಾಕ್ ಇರಲಿ.

ಉಳಿದವರು ಹಾಕಿಕೊಳ್ಳಲೇಬೇಕು ಎನ್ನುವುದು ನನ್ನ ಅಭಿಪ್ರಾಯ. ಬಸ್ಸಿನಲ್ಲಿ ಫೋನ್ ಕದ್ದವನಿಗೆ ನಿಮ್ಮ ಸ್ಕ್ರೀನ್ ಲಾಕ್ ತೆಗೆಯುವ ಅಗತ್ಯವೇ ಇಲ್ಲ. ಸಿಮ್ ತೆಗೆದು ತನ್ನ ಫೋನಿಗೆ ಹಾಕಿದರೆ ನಿಮ್ಮ ಓಟಿಪಿಗಳೆಲ್ಲ ಅವನಿಗೆ ಬರುತ್ತವೆ. ಬ್ಯಾಂಕಿನದು, ಇಮೇಲಿನದು, ಆಧಾರ್‌ದು, ಎಲ್ಲವೂ. ಅದನ್ನು ತಡೆಯುವುದು ಸಿಮ್ ಪಿನ್. ಹಾಗಂತ ಕಳೆದುಹೋದಾಗ ಸುಮ್ಮನಿರಬಾರದು. ಸಿಮ್ ಕಂಪನಿಗೆ ಹೇಳಿ ಮೊದಲು ಸಿಮ್ ನಿಲ್ಲಿಸಿ, ಆಮೇಲೆ ಪೊಲೀಸ್ ದೂರು ಕೊಟ್ಟು ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನಿನ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಬ್ಲಾಕ್ ಮಾಡಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪಿನ್ ಹಾಕುವಾಗ ಜಾಸ್ತಿ ಜನ ಎಡವುವ ಜಾಗ ಒಂದಿದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ಭಾಗದಲ್ಲಿ, ಐಫೋನಿನಲ್ಲಿ ಮೊಬೈಲ್ ಡೇಟಾ ಭಾಗದಲ್ಲಿ ಸಿಮ್ ಲಾಕ್ (ಐಫೋನಿನಲ್ಲಿ ಇದರ ಹೆಸರು ಸಿಮ್ ಪಿನ್) ಸಿಗುತ್ತದೆ. ಆನ್ ಮಾಡಿದ ಕೂಡಲೇ ಪಿನ್ ಕೇಳುತ್ತದೆ. ಹೊಸದನ್ನು ಕೇಳುತ್ತಿದೆ ಅಂದುಕೊಂಡು ಹುಟ್ಟಿದ ವರ್ಷ ಒತ್ತುತ್ತಾರೆ. ಅದು ಕೇಳುತ್ತಿರುವುದು ಸಿಮ್ ಜೊತೆ ಕಂಪನಿಯೇ ಇಟ್ಟು ಕೊಟ್ಟ ಪಿನ್. ಸಾಮಾನ್ಯವಾಗಿ ಅದು 1234 ಅಥವಾ 0000 ಆಗಿರುತ್ತದೆ. ಆದರೂ ಊಹೆ ಮಾಡಬೇಡಿ, ಕಸ್ಟಮರ್ ಕೇರ್‌ನಲ್ಲಿ ಕೇಳಿಯೇ ಹಾಕಿ. ಲಾಕ್ ಆನ್ ಆದಮೇಲೆ ನಿಮ್ಮದೇ ಪಿನ್‌ಗೆ ಬದಲಿಸಿ. 4ರಿಂದ 8 ಅಂಕಿ ಇಡಬಹುದು.

ಪಿನ್ 3 ಸಲ ತಪ್ಪಾದರೆ ಸಿಮ್ 8 ಅಂಕಿಯ ಪಿಯುಕೆ, ಅಂದರೆ ಲಾಕ್ ಬಿಡಿಸುವ ಸಂಖ್ಯೆ, ಕೇಳುತ್ತದೆ. ಅಲ್ಲಿಗೆ ಕೈ ನಿಲ್ಲಿಸಿ. ಪಿಯುಕೆ 10 ಸಲ ತಪ್ಪಾದರೆ ಆ ಸಿಮ್ ಸತ್ತ ಹಾಗೆಯೇ. ಯಾವ ರಿಪೇರಿಯವರೂ ಅದನ್ನು ಬಿಡಿಸಿಕೊಡಲಾರರು, ಬಿಡಿಸುತ್ತೇನೆ ಎಂದು ಹಣ ಕೇಳಿದರೆ ನಂಬಬೇಡಿ. ಆಗ ಗುರುತಿನ ಚೀಟಿ ತೋರಿಸಿ ಅದೇ ನಂಬರಿನ ಹೊಸ ಸಿಮ್ ತೆಗೆದುಕೊಳ್ಳಬೇಕಾಗುತ್ತದೆ. ಪಿಯುಕೆ ಕೆಲವೊಮ್ಮೆ ಸಿಮ್ ಬಂದ ಪ್ಲಾಸ್ಟಿಕ್ ಕಾರ್ಡಿನ ಮೇಲೇ ಇರುತ್ತದೆ. ಇಲ್ಲದಿದ್ದರೆ ಇನ್ನೊಂದು ಫೋನಿನಿಂದ ಕಸ್ಟಮರ್ ಕೇರ್‌ಗೆ ಕರೆ ಮಾಡಿ, ಸಿಮ್ ಯಾರ ಹೆಸರಿನಲ್ಲಿದೆ ಎಂದು ಖಚಿತಪಡಿಸಿಕೊಂಡು ಉಚಿತವಾಗಿಯೇ ಹೇಳುತ್ತಾರೆ. ಈಗಲೇ ಕೇಳಿ, ಮನೆಯ ಡೈರಿಯಲ್ಲಿ ಬರೆದಿಟ್ಟುಕೊಳ್ಳಿ. ಅದೇ ಫೋನಿನಲ್ಲಿ ಮಾತ್ರ ಬೇಡ.