ಹಡಗಿನ ದುರಸ್ತಿಯೂ ಅಳತೆಯ ದಾಖಲೆಯೂ

ಹಾಸನದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿರುವ ನಮ್ಮ ಗುಂಪಿಗಾಗಿ, ಯುದ್ಧನೌಕೆಯ ದುರಸ್ತಿಯಲ್ಲಿ ಡಿಜಿಟಲ್ ದಾಖಲೆ ಏಕೆ ಬೇಕು ಎಂಬ ಬಗ್ಗೆ ಈ ಟಿಪ್ಪಣಿ. ಸಮುದ್ರವೇನೋ ಶಿರಾಡಿ ಘಾಟಿಯ ಆಚೆಗಿದೆ. ದುರಸ್ತಿಯ ಕಷ್ಟ ಮಾತ್ರ ನಮಗೆ ಹೊಸದಲ್ಲ.

ನಾನು ತರಬೇತಿಗೆ ಹೋಗಿದ್ದ ಲಾರಿ ಗ್ಯಾರೇಜಿನಲ್ಲಿ ಹಿರಿಯ ಫಿಟ್ಟರ್ ಒಬ್ಬರು ಫೀಲರ್ ಗೇಜಿನಿಂದ ವಾಲ್ವುಗಳ ಅಂತರ ಅಳೆದು, ಎಂಜಿನ್ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟರು. ಊಟದ ಹೊತ್ತಿಗೆ ಇನ್ನೊಬ್ಬರು ಆ ಮುಚ್ಚಳವನ್ನು ಡೀಸೆಲ್ ಹಾಕಿ ತೊಳೆದರು. ಆರು ಸಿಲಿಂಡರುಗಳನ್ನೂ ಮತ್ತೆ ಅಳೆಯಬೇಕಾಯಿತು. ಇಬ್ಬರೂ ತಮ್ಮ ಕೆಲಸವನ್ನೇ ಮಾಡಿದ್ದರು. ಅಳತೆಗೆ ಮಾತ್ರ ನೆಲೆಯಿರಲಿಲ್ಲ.

ಈಗ ಯುದ್ಧನೌಕೆಗೆ ಬನ್ನಿ. ಕಾರವಾರ ನೌಕಾನೆಲೆಯ ಶಿಪ್‌ಲಿಫ್ಟ್ 10,000 ಟನ್ ಭಾರದ ಹಡಗನ್ನು ನೀರಿನಿಂದ ಮೇಲೆತ್ತಬಲ್ಲದು. ತಳದ ಬಣ್ಣ, ಸಮುದ್ರದ ನೀರನ್ನು ಒಳಬಿಡುವ ವಾಲ್ವುಗಳು, ಪ್ರೊಪೆಲ್ಲರ್ ಶಾಫ್ಟಿನ ಬೇರಿಂಗ್, ಇಂಥ ಕೆಲಸಗಳಿಗೆ ಹಡಗು ಹೀಗೆ ಮೇಲೆ ಬರಬೇಕು. ಅವುಗಳಲ್ಲಿ ಒಂದು ತಡವಾದರೂ ಹಡಗು ನೀರಿಗಿಳಿಯದು, ಸರದಿಯಲ್ಲಿರುವ ಹಡಗೂ ಕಾಯುತ್ತದೆ. ಒಂದು ತಡವಾದರೆ ಇಡೀ ಕೆಲಸವೇ ತಡವಾಗುವಂಥ ಕೆಲಸಗಳ ಸರಣಿ; ಪರೀಕ್ಷೆಗೆ ಓದುವ ಕ್ರಿಟಿಕಲ್ ಪಾತ್ ಎಂದರೆ ಇದೇ.

ವಿಷಯದ ತಿರುಳು ಇಲ್ಲಿದೆ: ಬಿಚ್ಚಿ ನೋಡುವವರೆಗೂ ಕೆಲಸವೆಷ್ಟು ಎಂದು ಪೂರ್ತಿ ತಿಳಿಯುವುದಿಲ್ಲ. ಪೈಪಿನ ಹೊದಿಕೆ ತೆಗೆದರೆ ಅಡಿಯಲ್ಲಿ ತುಕ್ಕು. ಕಾಗದದ ಪದ್ಧತಿಯಲ್ಲಿ ಫಿಟ್ಟರ್ ಬರೆದ ಚೀಟಿ ಮೇಲ್ವಿಚಾರಕರ ಬಳಿಗೆ, ಅಲ್ಲಿಂದ ವಿನ್ಯಾಸ ವಿಭಾಗಕ್ಕೆ, ಕೊನೆಗೆ ಉಗ್ರಾಣಕ್ಕೆ ಹೋಗಬೇಕು. ಎಲ್ಲರೂ ಒಂದೇ ಡಿಜಿಟಲ್ ದಾಖಲೆ ನೋಡುವಂತಿದ್ದರೆ ತುಕ್ಕು ಹಿಡಿದ ಪೈಪಿನಲ್ಲಿ ಉಳಿದ ದಪ್ಪ ಸಾಕೇ ಎಂದು ಎಂಜಿನಿಯರ್ ಲೆಕ್ಕ ಹಾಕುವ ಹೊತ್ತಿನಲ್ಲೇ ಉಗ್ರಾಣದವರು ಆ ಅಳತೆಯ ಪೈಪನ್ನು ಹುಡುಕುತ್ತಿರುತ್ತಾರೆ.

ಆ ದಾಖಲೆಗೆ ಫೋಟೊ ಒಂದೇ ಸಾಲದು. ‘ಪೈಪು ಹಾಳಾಗಿದೆ’ ಎಂದರೆ ಯಾರಿಗೂ ಉಪಯೋಗವಿಲ್ಲ. ಪೈಪಿನ ಸಂಖ್ಯೆ, ‘ಮೊದಲು 6 ಮಿ.ಮೀ., ಈಗ 3.5 ಮಿ.ಮೀ.’ ಎಂಬಂಥ ಅಲ್ಟ್ರಾಸಾನಿಕ್ ಅಳತೆ (ಶಬ್ದತರಂಗದಿಂದ ಅಳೆದ ಪೈಪಿನ ಗೋಡೆಯ ದಪ್ಪ), ಅಳೆದ ಜಾಗ, ಇಷ್ಟೂ ಬೇಕು. ಗ್ಯಾರೇಜಿನ ಆ ಹಿರಿಯರಂತೆ ಅಳೆದು ಬರೆಯುವ ಶಿಸ್ತು ಇಲ್ಲದಿದ್ದರೆ ಫಿಟ್ಟರ್ ಕೈಗೆ ಟ್ಯಾಬ್ಲೆಟ್ ಕೊಟ್ಟೂ ಪ್ರಯೋಜನವಿಲ್ಲ ಎಂದು ನನಗೆ ಖಚಿತವಾಗಿ ಅನಿಸುತ್ತದೆ.

ನಕ್ಷೆಯದ್ದೂ ಇದೇ ಕಥೆ. ಒಂದೇ ವಿನ್ಯಾಸದ ಎರಡು ಹಡಗುಗಳು ಹಲವು ದುರಸ್ತಿಗಳಾದ ಮೇಲೆ ಒಳಗೆ ಬೇರೆಬೇರೆ ಆಗಿಬಿಡುತ್ತವೆ, ಹಳೆಯ ನಕ್ಷೆಗೆ ಹೊಂದುವುದಿಲ್ಲ. ಆದ್ದರಿಂದ ಲೇಸರ್ ಸ್ಕ್ಯಾನ್ ಮಾಡಿ ಈಗಿರುವ ರೂಪವನ್ನು ಹಡಗಿನ ಡಿಜಿಟಲ್ ಮಾದರಿಯಲ್ಲಿ ಸೇರಿಸುತ್ತಾರೆ.

ಇನ್ನು ಗೋಪ್ಯತೆ. ಯುದ್ಧನೌಕೆಯ ಫೋಟೊ ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವಂಥದ್ದಲ್ಲ. ಪ್ರತ್ಯೇಕ ಸುರಕ್ಷಿತ ಜಾಲ ಬೇಕು. ಸಮುದ್ರದಲ್ಲಿ ಸಂಪರ್ಕ ಕಡಿದಾಗ ದಾಖಲೆಯ ಹಡಗಿನಲ್ಲಿರುವ ಪ್ರತಿ ಒಂದು, ದಡದಲ್ಲಿರುವ ಪ್ರತಿ ಇನ್ನೊಂದು ಆಗುತ್ತದೆ. ಬಂದರು ಸೇರಿದ ಮೇಲೆ ಎರಡನ್ನೂ ಹೊಂದಿಸುವಾಗ ಹಳೆಯ ಅಳತೆಯನ್ನು ಅಳಿಸಬಾರದು. ಯಾರು, ಯಾವಾಗ ಬದಲಿಸಿದರು ಎಂಬುದರೊಂದಿಗೆ ಹೊಸದನ್ನು ಅದರ ಕೆಳಗೆ ಸೇರಿಸಬೇಕು.